ಸ್ವಿಚ್ಚಿಲ್ಲದೆ ಬೆಳಗುವ ಬಿಡಿಭಾಗಕ್ಕೆ ಎಚ್‌ಎಸ್ ಕೋಡ್ ಹುಡುಕುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲದ ಒಂದು ಸಂಜೆ. ಎಂದಿನಂತೆ ಕರೆಂಟ್ ಹೋಗಿತ್ತು. ಹೊಸನಗರ ಕಡೆಯ ಹುಡುಗನೊಬ್ಬ ಕೊಡೆ ಮಡಚಿ ಜಗಲಿಗೆ ಒರಗಿಸಿ, ಮೊಬೈಲು ನನ್ನ ಕೈಗೆ ಕೊಟ್ಟ. ಅದರಲ್ಲೊಂದು ಪ್ರೊಫಾರ್ಮಾ ಇನ್‌ವಾಯ್ಸ್, ಅಂದರೆ ಸರಕು ಕಳಿಸುವ ಮುಂಚೆ ಮಾರುವವರು ಕೊಡುವ ಅಂದಾಜು ಬಿಲ್ಲು. ಸರಕಿನ ವಿವರ ಒಂದೇ ಸಾಲು: ‘ಸೆಲ್ಫ್ ಲ್ಯೂಮಿನಸ್ ಲೈಟಿಂಗ್ ಕಾಂಪೊನೆಂಟ್, 500 ನಗ’. ಎಚ್‌ಎಸ್ ಕೋಡ್ ಎಂದರೆ ಸುಂಕಪಟ್ಟಿಯಲ್ಲಿ ಸರಕಿನ ಸಂಖ್ಯೆ, ವಿದೇಶದಿಂದ ತರಿಸಿದರೆ ಸುಂಕ ಎಷ್ಟೆಂದು ಹೇಳುವುದು ಅದೇ.

“ಅಕ್ಕಾ, ಲೈಟಿಂಗ್ ಅಂತ ಬರ್ದಿದಾರಲ್ಲ, ದೀಪದ ಕೋಡು 9405 ಹಾಕಿಬಿಡ್ಲಾ?”

“ಯಾತಕ್ಕೆ ಬಳಸ್ತೀಯ ಇದನ್ನ?”

“ದಿಕ್ಸೂಚಿಗೆ. ಕಾಡಲ್ಲಿ ರಾತ್ರಿ ಟಾರ್ಚ್ ಇಲ್ದೆ ಕಾಣ್ಬೇಕು.”

ಮಾಚೇನಹಳ್ಳಿಯಲ್ಲಿ ಗೆಳೆಯನ ಶೆಡ್ಡಿನ ಒಂದು ಮೂಲೆ ಬಾಡಿಗೆಗೆ ಹಿಡಿದು, ಚಾರಣದ ಗೈಡುಗಳಿಗೂ ಕಾಡಿನಲ್ಲಿ ಓಡಾಡುವವರಿಗೂ ಕೈಯಲ್ಲಿ ಹಿಡಿಯುವ ದಿಕ್ಸೂಚಿ ಜೋಡಿಸಿ ಮಾರಬೇಕೆಂಬುದು ಅವನ ಆಸೆ. ಮುಳ್ಳಿನ ತುದಿಗೂ ಡಯಲ್ಲಿನ ನಾಲ್ಕು ದಿಕ್ಕಿಗೂ ಒಂದೊಂದು ಪುಟ್ಟ ಬೆಳಕಿನ ಕೊಳವೆ ಕೂರಿಸುವ ಯೋಜನೆ. ನಾನು ಪಣಂಬೂರಿನಲ್ಲಿ ಕ್ಲಿಯರಿಂಗ್ ಏಜೆಂಟರ ಕಚೇರಿಯೊಂದರಲ್ಲಿ ಹದಿನಾಲ್ಕು ವರ್ಷ ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಘೋಷಣಾಪತ್ರ) ತಯಾರಿಸಿ, ಈಗ ಶಿವಮೊಗ್ಗದಲ್ಲಿ ಕೂತು ಇಂಥವರ ಕಾಗದಪತ್ರ ನೋಡಿಕೊಡುತ್ತೇನೆ. ಆ ಸಂಜೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆದಿದ್ದೇನೆ. ಬೆಳಗುವ ಯಾವ ಬಿಡಿಭಾಗವನ್ನು ತರಿಸುವವರಿಗೂ ಇದೇ ದಾರಿ ನಡೆಯುತ್ತದೆ.

ಹೆಚ್ಚಿನವರು ‘ಇದನ್ನು ಎಲ್ಲಿ ಹಾಕುತ್ತೇನೆ’ ಎಂಬ ಕಡೆಯಿಂದ ಶುರುಮಾಡುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು: ಬೆಳಕು ಎಲ್ಲಿಂದ ಹುಟ್ಟುತ್ತದೆ? ಆಮೇಲೆ: ಸರಕು ಬಂದರಿಗೆ ಯಾವ ರೂಪದಲ್ಲಿ ಬಂದಿಳಿಯುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲ ಹೆಜ್ಜೆ: ಬೆಳಕಿನ ಹುಟ್ಟು ಪತ್ತೆ ಮಾಡಿ

ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ತೋಟದ ಬೇಲಿಯಲ್ಲಿ ಮಿಣುಕುಹುಳ ಮಿನುಗುತ್ತದೆ, ಮಳೆ ಜೋರಾದ ಮೇಲೆ ಆಗುಂಬೆ ಕಡೆಯ ಕಾಡಿನಲ್ಲಿ ಕೊಳೆತ ಕೊಂಬೆಯ ಮೇಲಿನ ಅಣಬೆಯೂ ಹಸಿರಾಗಿ ಹೊಳೆಯುವುದುಂಟು. ಎರಡೂ ತಾವಾಗಿ ಬೆಳಗುವಂಥವು. ಮಾರುಕಟ್ಟೆಯಲ್ಲಿ ‘ತಾನಾಗಿ ಬೆಳಗುತ್ತದೆ’ ಎಂದು ಮಾರುವ ಸರಕು ಮಾತ್ರ ಒಂದೇ ಜಾತಿಯದಲ್ಲ. ಸುಂಕಪಟ್ಟಿಯ ಪಾಲಿಗಂತೂ ಅವುಗಳ ನಡುವೆ ಅಧ್ಯಾಯಗಳ ದೂರ.

ಬಿಸಿಲಿಗೆ ಹಿಡಿದು ಕತ್ತಲಿಗೆ ತಂದರೆ ಹೊಳೆಯುವ ಪುಡಿ ಬಹುತೇಕ ಸ್ಟ್ರಾಂಶಿಯಂ ಅಲ್ಯುಮಿನೇಟ್. ಅದು ತಾನಾಗಿ ಬೆಳಗುವುದಲ್ಲ, ಕುಡಿದ ಬೆಳಕನ್ನು ನಿಧಾನವಾಗಿ ಕಕ್ಕುವುದು. ಬರಿಯ ಪುಡಿಯಾಗಿ ಬಂದರೆ 3206.50. ಅದೇ ಪುಡಿ ಹಾಕಿದ ಪ್ಲಾಸ್ಟಿಕ್ ಅಂಟುಪಟ್ಟಿಯಾಗಿ ಬಂದರೆ 3919ರ ಕಡೆ ನೋಡಬೇಕು. ಲೋಹದ ತಗಡಿನ ಮೇಲೆ ಬಳಿದು ‘ನಿರ್ಗಮನ’ ಎಂದು ಬರೆದ ಫಲಕವಾದರೆ 8310. ಕತ್ತಲಲ್ಲಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಅದು 9405ರ ಬೆಳಗುವ ಫಲಕವಾಗುವುದಿಲ್ಲ. ಆ ಹೆಡಿಂಗ್ (ಕೋಡಿನ ಮೊದಲ ನಾಲ್ಕಂಕಿ) ಕೇಳುವುದು ಶಾಶ್ವತವಾಗಿ ಕೂರಿಸಿದ ಬೆಳಕಿನ ಮೂಲವನ್ನು.

ಈ ಪಾಠ ನಾನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮೆಟ್ಟಿಲಿಗೆ ಅಂಟಿಸುವ ಹೊಳೆಯುವ ಪಟ್ಟಿಯ ಒಂದು ಕಂತನ್ನು ‘ಲೈಟಿಂಗ್’ ಎಂಬ ಪದ ನೋಡಿ 9405ಕ್ಕೆ ಹಾಕಿಬಿಟ್ಟಿದ್ದೆ. ಸರಕು ತೆರೆದು ನೋಡಿದ ಅಧಿಕಾರಿ ಪಟ್ಟಿಯ ಹಿಂಬದಿಯ ಕಾಗದ ಸುಲಿದು ಮೇಜಿಗೆ ಅಂಟಿಸಿ, “ಇದು ದೀಪವೇನಮ್ಮಾ?” ಎಂದು ಕೇಳಿದರು. ಮತ್ತೆ ಮಾತಿಲ್ಲ.

ಬಗ್ಗಿಸಿ ‘ಟಕ್’ ಎನಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿಯನ್ನು ಜಾತ್ರೆಯಲ್ಲಿ ಮಕ್ಕಳ ಕೈಯಲ್ಲಿ ನೋಡಿರುತ್ತೀರಿ. ಅದರೊಳಗೆ ನಡೆಯುವುದು ಹೈಡ್ರೋಜನ್ ಪೆರಾಕ್ಸೈಡ್ ಸೇರಿದ ರಾಸಾಯನಿಕ ಕ್ರಿಯೆ. ರಾಸಾಯನಿಕ ಕ್ರಿಯೆಯಿಂದ ಬೆಳಗುವ ಇಂಥ ವಸ್ತುಗಳನ್ನು ಎಚ್‌ಎಸ್ ವಿವರಣಾ ಟಿಪ್ಪಣಿಗಳು 3824ರಲ್ಲಿ ಇಟ್ಟಿವೆ. ನೋಡುವುದಕ್ಕೆ ದೀಪ, ಸುಂಕಪಟ್ಟಿಯಲ್ಲಿ ರಾಸಾಯನಿಕ.

ವಿದ್ಯುತ್ತು ಹಾಯ್ದು ಬೆಳಗುವುದಾದರೆ ದಾರಿ 85ನೇ ಅಧ್ಯಾಯಕ್ಕೆ. ಬರಿಯ ಎಲ್‌ಇಡಿ ಬಿಲ್ಲೆ 8541.41. ಸರ್ಕ್ಯೂಟು, ಕರೆಂಟು ನಿಯಂತ್ರಿಸುವ ಬಿಡಿಭಾಗ ಎಲ್ಲ ಸೇರಿದ, ಆದರೆ ಹೋಲ್ಡರಿಗೆ ಕೂರುವ ಕ್ಯಾಪ್ ಇಲ್ಲದ ಎಲ್‌ಇಡಿ ಮಾಡ್ಯೂಲ್ 8539.51. ಕ್ಯಾಪ್ ಇರುವ ಎಲ್‌ಇಡಿ ಬಲ್ಬು 8539.52. ಮಾಡ್ಯೂಲು, ಬಲ್ಬುಗಳ ಗಡಿಯನ್ನು 85ನೇ ಅಧ್ಯಾಯದ 11ನೇ ಟಿಪ್ಪಣಿ ಸ್ಪಷ್ಟವಾಗಿ ಹಾಕಿದೆ. ಇದು 2022ರ ಎಚ್‌ಎಸ್ ಆವೃತ್ತಿಯಲ್ಲಿ ಬಂದದ್ದು. ಅದಕ್ಕಿಂತ ಹಳೆಯ ಕೋಡುಗಳನ್ನು ಇಂದಿಗೂ ಇನ್‌ವಾಯ್ಸಿನಲ್ಲಿ ಹಾಕಿ ಕಳಿಸುವ ಪೂರೈಕೆದಾರರಿದ್ದಾರೆ, ನಂಬಬೇಡಿ.

ಇನ್ನು ನಮ್ಮ ಹುಡುಗನ ಸರಕು. ಪೂರೈಕೆದಾರರಿಂದ ನಕ್ಷೆ ತರಿಸಿದಾಗ ಗೊತ್ತಾಯಿತು: 3 ಮಿಲಿಮೀಟರ್ ದಪ್ಪ, 22 ಮಿಲಿಮೀಟರ್ ಉದ್ದದ ಬೋರೋಸಿಲಿಕೇಟ್ ಗಾಜಿನ ಕೊಳವೆ. ಒಳಮೈಗೆ ಫಾಸ್ಫರ್ ಲೇಪ. ಒಳಗೆ ಟ್ರಿಟಿಯಂ ಅನಿಲ. ಎರಡೂ ತುದಿ ಕರಗಿಸಿ ಮುಚ್ಚಿದ್ದು. ಟ್ರಿಟಿಯಂ ಎಂದರೆ ವಿಕಿರಣ ಸೂಸುವ ಹೈಡ್ರೋಜನ್. ಅದರ ಬೀಟಾ ಕಣ ಫಾಸ್ಫರಿಗೆ ಬಡಿದಾಗ ಬೆಳಕು. ಆ ಕಣದ ಶಕ್ತಿ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್, ಗಾಜನ್ನು ದಾಟುವಷ್ಟು ಕಸುವಿಲ್ಲ. ಅರ್ಧಾಯುಷ್ಯ 12.3 ವರ್ಷ, ಅಂದರೆ ಇವತ್ತು ಬೆಳಗುವುದರ ಹೆಚ್ಚುಕಡಿಮೆ ಅರ್ಧದಷ್ಟು ಬೆಳಕು ಹನ್ನೆರಡು ವರ್ಷದ ಮೇಲೂ ಇರುತ್ತದೆ. ಬ್ಯಾಟರಿ ಬೇಡ, ಬಿಸಿಲು ಬೇಡ. ಮೂರು ದಿನ ಸೂರ್ಯನ ಮುಖ ಕಾಣದ ಆಷಾಢದಲ್ಲಿ, ಜೇಬಿನೊಳಗೇ ಇದ್ದ ದಿಕ್ಸೂಚಿಗೆ ಸ್ಟ್ರಾಂಶಿಯಂ ಪುಡಿ ಏನೂ ಮಾಡಲಾರದು. ಹುಡುಗ ಇದನ್ನೇ ಆರಿಸಿದ್ದು ಅದಕ್ಕೆ.

ಹುಡುಗ ತನ್ನ ಅಜ್ಜನ ಹಳೆಯ ದಿಕ್ಸೂಚಿಯನ್ನೂ ತಂದಿದ್ದ. ಹಿತ್ತಾಳೆ ಡಬ್ಬಿ, ಡಯಲ್ಲಿನ ಅಂಕಿಗಳ ಮೇಲೆ ಕಂದು ಹಿಡಿದ ಬಣ್ಣ. “ಇದೂ ಒಂದು ಕಾಲಕ್ಕೆ ಹೊಳೀತಿತ್ತಂತೆ, ಈಗ ಸತ್ತೋಗಿದೆ” ಎಂದು ಗಾಜು ಬಿಚ್ಚಲು ಹೊರಟ. ಕೈ ಹಿಡಿದು ನಿಲ್ಲಿಸಿದೆ. ಅಂಥ ಹಳೆಯ ಬಣ್ಣ ರೇಡಿಯಂ ಇರಬಹುದು. ಸತ್ತಿರುವುದು ಫಾಸ್ಫರ್ ಮಾತ್ರ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಮುಚ್ಚಿದ್ದನ್ನು ಮುಚ್ಚಿಯೇ ಇಡಿ.

ಎರಡನೇ ಹೆಜ್ಜೆ: ಇನ್‌ವಾಯ್ಸಿನ ಸಾಲು ತಿದ್ದಿಸಿ

ಇದು ಹಣ ಕೊಡುವ ಮುಂಚೆ ಆಗಬೇಕಾದ ಕೆಲಸ. ‘ಬೆಳಕಿನ ಬಿಡಿಭಾಗ’ ಎಂದು ಬರೆದರೆ ಕಸ್ಟಮ್ಸಿನವರು ಪ್ರಶ್ನೆ ಹಾಕದೆ ಬಿಡುವುದಿಲ್ಲ, ಹಾಕಬೇಕಾದ್ದೂ ಹೌದು. ವಿವರದಲ್ಲಿ ಇಷ್ಟಿರಲಿ: ಏನು, ಯಾವ ವಸ್ತುವಿನಿಂದ ಮಾಡಿದ್ದು, ಬೆಳಕಿನ ಮೂಲ ಯಾವುದು, ವಿದ್ಯುತ್ತು ಬೇಕೇ ಬೇಡವೇ, ಅಳತೆ ಎಷ್ಟು, ಕೊಳವೆಯೊಂದಕ್ಕೆ ವಿಕಿರಣ ಚಟುವಟಿಕೆ ಎಷ್ಟು, ಸಿದ್ಧ ಅಳತೆಯದೋ ನಿಮ್ಮ ನಕ್ಷೆಗೆ ಮಾಡಿಸಿದ್ದೋ, ಯಾವ ದೇಶದಲ್ಲಿ ತಯಾರಾದದ್ದು.

ಅಳತೆಯ ಒಂದು ತೊಡಕು ಹೇಳಿಬಿಡುತ್ತೇನೆ. ಇನ್‌ವಾಯ್ಸಿನಲ್ಲಿ ಮಿಲಿಕ್ಯೂರಿ, ಪ್ರಮಾಣಪತ್ರದಲ್ಲಿ ಮೆಗಾಬೆಕೆರೆಲ್ ಬರುವುದುಂಟು. 1 ಮಿಲಿಕ್ಯೂರಿ ಎಂದರೆ 37 ಮೆಗಾಬೆಕೆರೆಲ್. ಒಂದರಲ್ಲಿ 25, ಇನ್ನೊಂದರಲ್ಲಿ 925 ಇದ್ದರೆ ಎರಡೂ ಒಂದೇ. ಇದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ. ಇಲ್ಲವಾದರೆ ಪ್ರಶ್ನೆ ಬಂದು, ಉತ್ತರ ಹೋಗಿ, ಅಷ್ಟರಲ್ಲಿ ಗೋದಾಮಿನ ಬಾಡಿಗೆ ಏರುತ್ತಿರುತ್ತದೆ.

ಮೂರನೇ ಹೆಜ್ಜೆ: ಕೋಡಿಗಿಂತ ಮೊದಲು ಪರವಾನಗಿ

ವಿಕಿರಣದ ಸರಕಾದರೆ ಕೋಡು ಸರಿಯಿದ್ದರೂ ಸರಕು ಹೊರಬರುವುದಿಲ್ಲ. ಪರಮಾಣು ಶಕ್ತಿ ಕಾನೂನು ಮತ್ತು ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ಇಂಥವನ್ನು ನೋಡಿಕೊಳ್ಳುವುದು ಮುಂಬೈನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ. ಅರ್ಜಿ ಅವರ ಇ-ಲೋರಾ ಜಾಲತಾಣದಲ್ಲಿ. ಆರ್ಡರ್ ಹಾಕುವ ಮೊದಲೇ ಅಲ್ಲಿ ಕೇಳಿ. “ಸಣ್ಣ ಕೊಳವೆ, ಯಾರು ನೋಡ್ತಾರೆ” ಎಂದು ಕೊರಿಯರಿನಲ್ಲಿ ತರಿಸಿಕೊಳ್ಳುವವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಹುಡುಗನಿಗೂ ಇದನ್ನೇ ಹೇಳಿದೆ. ಮಾದರಿಗೆಂದು ಎರಡು ನಗ ತರಿಸುವುದಕ್ಕೂ ಅದೇ ಮಾತು.

ಜೊತೆಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಲ್ಲಿ ನೀವು ಹಾಕಲಿರುವ ಎಂಟಂಕಿಯ ಕೋಡಿನ ಎದುರು ‘ಮುಕ್ತ’ ಎಂದಿದೆಯೋ ‘ನಿರ್ಬಂಧಿತ’ ಎಂದಿದೆಯೋ ನೋಡಿ. ಕೋಡು ತಪ್ಪಿದರೆ ಸುಂಕದ ಜೊತೆ ಈ ಷರತ್ತೂ ತಪ್ಪುತ್ತದೆ. ಸುಂಕದ ತಪ್ಪನ್ನು ಹಣ ಕಟ್ಟಿ ಸರಿಮಾಡಬಹುದು, ಪರವಾನಗಿಯ ತಪ್ಪು ಹಾಗಲ್ಲ.

ನಾಲ್ಕನೇ ಹೆಜ್ಜೆ: ಹೆಡಿಂಗುಗಳ ಜಗಳ ಬಿಡಿಸುವುದು

ನಮ್ಮ ಸುಂಕಪಟ್ಟಿ 1975ರ ಸುಂಕ ದರ ಕಾಯ್ದೆಯ ಮೊದಲ ಅನುಸೂಚಿ. ಮೊದಲ ಆರಂಕಿ ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್‌ಎಸ್ ಪದ್ಧತಿಯದು, ಉಳಿದ ಎರಡು ನಮ್ಮ ದೇಶ ಸೇರಿಸಿಕೊಂಡದ್ದು. ಅದನ್ನು ಓದುವುದಕ್ಕೆ ಆರು ಸಾಮಾನ್ಯ ನಿಯಮಗಳಿವೆ. ಒಂದನೆಯದೇ ದೊಡ್ಡದು: ಹೆಡಿಂಗಿನ ಮಾತು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿ ಏನು ಹೇಳುತ್ತವೋ ಅದೇ ಕಾನೂನು. ಅಧ್ಯಾಯದ ಹೆಸರು ಬರಿಯ ಗುರುತಿಗೆ. ಟಿಪ್ಪಣಿ ಓದದೆ ಕೋಡು ಹಾಕುವವರು ಜಾತಕ ನೋಡದೆ ಮುಹೂರ್ತ ಇಟ್ಟವರ ಹಾಗೆ. ನೆಂಟರೆಲ್ಲ ಬಂದಮೇಲೆ ತಕರಾರು ಹೊರಡುತ್ತದೆ.

ಕೊಳವೆಗೆ ಮೂರು ಕಡೆಯಿಂದ ಹಕ್ಕುದಾರರು. ಒಬ್ಬೊಬ್ಬರನ್ನೇ ಕರೆಯೋಣ. ಕರೆಯುವ ಕ್ರಮವೂ ಮುಖ್ಯ.

ಮೊದಲು 2844. ರಾಸಾಯನಿಕಗಳ ವಿಭಾಗವಾದ ಆರನೇ ವಿಭಾಗದ 1(ಎ) ಟಿಪ್ಪಣಿ ಬಲು ಖಡಕ್ಕಿನದು: ವಿಕಿರಣಶೀಲ ಅದಿರುಗಳನ್ನು ಬಿಟ್ಟು, 2844 ಅಥವಾ 2845ರ ವರ್ಣನೆಗೆ ಹೊಂದುವ ಸರಕು ಅಲ್ಲೇ ಇರಬೇಕು, ಪಟ್ಟಿಯ ಬೇರೆಲ್ಲೂ ಅಲ್ಲ. ಅದಕ್ಕೇ ಇದನ್ನು ಮೊದಲು ಕೇಳಬೇಕು. ಇಲ್ಲಿ ‘ಹೌದು’ ಬಂದರೆ ಮುಂದಿನ ಪ್ರಶ್ನೆಗಳೇ ಇಲ್ಲ. 2844 ಹೇಳುವುದು ವಿಕಿರಣಶೀಲ ಮೂಲವಸ್ತು, ಐಸೊಟೋಪು, ಅವುಗಳ ಸಂಯುಕ್ತ, ಅವುಗಳಿರುವ ಮಿಶ್ರಣ ಮತ್ತು ಉಳಿಕೆಗಳನ್ನು. 2022ರಿಂದ ಟ್ರಿಟಿಯಮಿಗೆ 2844.41 ಎಂದು ಬೇರೆಯೇ ಮನೆ ಕೊಟ್ಟಿದ್ದಾರೆ. ಟ್ರಿಟಿಯಂ ಅನಿಲ ಸಿಲಿಂಡರಿನಲ್ಲಿ ಬಂದರೆ ಪ್ರಶ್ನೆಯೇ ಇಲ್ಲ. ವಿಕಿರಣ ವಸ್ತು ಕಲಸಿದ ಹೊಳೆಯುವ ಬಣ್ಣದ ಪುಡಿ ಬಂದರೂ ಅದು ಮಿಶ್ರಣ, 3206.50 ಬಿಟ್ಟು ಇಲ್ಲಿಗೇ ಬರಬೇಕು.

ಆದರೆ ಕೊಳವೆ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ವಾದ: ಒಳಗಿರುವುದು ಟ್ರಿಟಿಯಂ, ಗಾಜು ಬರಿಯ ಡಬ್ಬಿ. ಐದನೇ ಸಾಮಾನ್ಯ ನಿಯಮದ ಪ್ರಕಾರ ಮಾಮೂಲಿ ಪ್ಯಾಕಿಂಗು ಸರಕಿನ ಜೊತೆಗೇ ಹೋಗುತ್ತದೆ, ಆದ್ದರಿಂದ 2844.41. ಇನ್ನೊಂದು ವಾದ: ಡಬ್ಬಿ ಎಂದರೆ ತೆರೆದು ಒಳಗಿನದನ್ನು ಬಳಸುವಂಥದ್ದು. ಈ ಕೊಳವೆಯನ್ನು ಯಾರೂ ತೆರೆಯುವುದಿಲ್ಲ, ತೆರೆದರೆ ಕೆಲಸ ಕೆಟ್ಟಿತು. ಗಾಜು ಒಳಮೈಯಲ್ಲಿ ಫಾಸ್ಫರ್ ಹೊತ್ತಿದೆ, ಅನಿಲ ಬೆಳಕು ಹುಟ್ಟಿಸುತ್ತದೆ, ಮೂರೂ ಸೇರಿದರೇ ವಸ್ತು. ಇದು ರಾಸಾಯನಿಕವೂ ಅಲ್ಲ, ಮಿಶ್ರಣವೂ ಅಲ್ಲ, ತಯಾರಾದ ಒಂದು ಪದಾರ್ಥ. ಹಾಗಾದರೆ 2844ರ ವರ್ಣನೆಗೆ ಅದು ಹೊಂದುವುದಿಲ್ಲ, 1(ಎ) ಟಿಪ್ಪಣಿ ತಾಗುವುದಿಲ್ಲ.

ನನ್ನ ಒಲವು ಎರಡನೆಯ ವಾದದ ಕಡೆ. ಉಪ್ಪಿನಕಾಯಿ ಭರಣಿಗೂ ಥರ್ಮಾಮೀಟರಿಗೂ ಇರುವ ವ್ಯತ್ಯಾಸ ಅದು. ಥರ್ಮಾಮೀಟರಿನಲ್ಲಿ ಪಾದರಸ ಇದೆ ಎಂದು ಅದನ್ನು ಪಾದರಸ ಎನ್ನುವುದಿಲ್ಲ. ಹಾಗಂತ ಇನ್ನೊಂದು ಕಡೆಯ ವಾದ ಪೊಳ್ಳಲ್ಲ. ಟಿಪ್ಪಣಿಯ ಬಿಗಿ ನೋಡಿದ ಅಧಿಕಾರಿ ಅದನ್ನು ಹಿಡಿದುಕೊಂಡರೆ ಆಶ್ಚರ್ಯವಿಲ್ಲ.

ಎರಡನೆಯ ಹಕ್ಕುದಾರ 9014, ಅಂದರೆ ದಿಕ್ಸೂಚಿ. ಪೂರ್ತಿ ದಿಕ್ಸೂಚಿ 9014.10, ಅದರ ಬಿಡಿಭಾಗ 9014.90. ತೊಂಬತ್ತನೇ ಅಧ್ಯಾಯದ 2ನೇ ಟಿಪ್ಪಣಿ ಎರಡು ಮೆಟ್ಟಿಲಿನದು. ಬಿಡಿಭಾಗವು 84, 85, 90, 91ನೇ ಅಧ್ಯಾಯಗಳ ಯಾವುದಾದರೂ ಹೆಡಿಂಗಿನದೇ ವಸ್ತುವಾಗಿದ್ದರೆ, ಕೆಲವು ಅಪವಾದ ಬಿಟ್ಟು, ಆ ಹೆಡಿಂಗಿಗೇ ಹೋಗುತ್ತದೆ. ಎಲ್‌ಇಡಿ ಆಗಿದ್ದರೆ ಇಲ್ಲೇ ತೀರ್ಮಾನ, 85ಕ್ಕೆ. ಕೊಳವೆಗೆ ವಿದ್ಯುತ್ತಿಲ್ಲವಾದ್ದರಿಂದ 85ರ ದೀಪಗಳ ಸಾಲಿಗೆ ಸೇರದೆ ಎರಡನೇ ಮೆಟ್ಟಿಲಿಗೆ ಬರುತ್ತದೆ: ಆ ಉಪಕರಣಕ್ಕೆ ಮಾತ್ರವೇ ಅಥವಾ ಮುಖ್ಯವಾಗಿ ಅದಕ್ಕೇ ತಕ್ಕದ್ದಾದರೆ ಉಪಕರಣದ ಜೊತೆ.

ಹುಡುಗನ ಮುಖ ಅರಳಿತು. “ಹಂಗಾದ್ರೆ ದಿಕ್ಸೂಚಿಗೇ ಅಲ್ವಾ ನಾನ್ ಹಾಕೋದು?”

“ನೀನು ಹಾಕೋದು ಹೌದು ಮಾರಾಯ. ಅದೇ ಕೊಳವೆಯನ್ನ ಅವರು ಗಡಿಯಾರದವರಿಗೂ ಬಂದೂಕಿನ ಗುರಿ ಮಾಡೋರಿಗೂ ಮಾರ್ತಾರಲ್ಲ?”

ಕ್ಯಾಟಲಾಗಿನ ಸಿದ್ಧ ಅಳತೆಯ ಕೊಳವೆ ಯಾರ ಸ್ವಂತದ್ದೂ ಅಲ್ಲ. ನೀವೊಬ್ಬರು ಅದನ್ನು ದಿಕ್ಸೂಚಿಗೆ ಬಳಸುವುದರಿಂದ ಅದು ದಿಕ್ಸೂಚಿಯ ಬಿಡಿಭಾಗವಾಗುವುದಿಲ್ಲ. ನಿಮ್ಮ ಡಯಲ್ಲಿನ ಬಾಗಿಗೆ ತಕ್ಕಂತೆ, ನಿಮ್ಮ ನಕ್ಷೆಗೆ ಮಾಡಿಸಿದ ಬಾಗಿದ ಕೊಳವೆಯಾದರೆ ವಾದಕ್ಕೆ ಬಲ ಬರುತ್ತದೆ. ‘ಮಾತ್ರ ಅಥವಾ ಮುಖ್ಯವಾಗಿ’ ಎಂಬ ಪದಗಳ ಮೇಲೆ ದೊಡ್ಡ ಕೇಸುಗಳೇ ನಡೆದಿವೆ. ರೈಲ್ವೆ ಸಿಗ್ನಲ್ ವ್ಯವಸ್ಥೆಗೆಂದೇ ಮಾಡಿದ ರಿಲೇಗಳನ್ನು ಸಿಗ್ನಲಿನ ಬಿಡಿಭಾಗವಾಗಿ 8608ರಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆ ತೀರ್ಪನ್ನು ಎಲ್ಲದಕ್ಕೂ ಎಳೆದು ತರುವ ಚಾಳಿ ಆಮೇಲೆ ಹುಟ್ಟಿಕೊಂಡಿದೆ. ಪ್ರತಿ ಅಧ್ಯಾಯದ ಟಿಪ್ಪಣಿಯ ಮಾತು ಬೇರೆ ಎಂಬುದನ್ನು ಮರೆಯಬೇಡಿ.

ಮೂರನೆಯದು 9405. ವಿದ್ಯುತ್ತಿಲ್ಲದ ದೀಪಗಳಿಗೆ 9405.50, ದೀಪಗಳ ಬಿಡಿಭಾಗಕ್ಕೆ 9405.91ರಿಂದ 9405.99: ಗಾಜಿನದು, ಪ್ಲಾಸ್ಟಿಕ್ಕಿನದು, ಇತರೆ. 85ನೇ ಅಧ್ಯಾಯದ ಬೆಳಕಿನ ಮೂಲಗಳನ್ನು 94ನೇ ಅಧ್ಯಾಯ ಹೊರಗಿಟ್ಟಿದೆ. ನಮ್ಮ ಕೊಳವೆ ಅಲ್ಲಿಯದಲ್ಲ, ಆದ್ದರಿಂದ ಬಾಗಿಲು ಮುಚ್ಚಿಲ್ಲ. ಹಾಗಾದರೆ 22 ಮಿಲಿಮೀಟರಿನ ಕೊಳವೆ ‘ದೀಪ’ವೇ? ಯಾವ ಸಹಾಯವೂ ಇಲ್ಲದೆ ತಾನೇ ಬೆಳಗುತ್ತದೆ, ಬೇರೆ ಕೆಲಸವಿಲ್ಲ, ಬೇರೆಲ್ಲೂ ಹೆಸರಿಟ್ಟು ಹೇಳಿಲ್ಲ. ಅದಕ್ಕೇ 9405.50 ಎಂಬುದು ನನ್ನ ಲೆಕ್ಕ. ಬಿಡಿಭಾಗದ ಕೋಡಿಗೆ ಹೋಗಬೇಕಾದರೆ ಅದು ಯಾವುದೋ ದೀಪದ ಬಿಡಿಭಾಗವಾಗಬೇಕು, ದಿಕ್ಸೂಚಿ ದೀಪವಲ್ಲ. ‘ಕಾಂಪೊನೆಂಟ್’ ಎಂಬ ಪದ ನೋಡಿ 9405.99 ಹಾಕುವುದು ಅವಸರದ ಕೆಲಸ.

ಗಾಜಿನದಲ್ಲವೇ, 70ನೇ ಅಧ್ಯಾಯ ಯಾಕಾಗಬಾರದು ಎಂದೂ ಹುಡುಗ ಕೇಳಿದ. ಗಾಜು ಅದರ ಮೈ, ಗುಣವಲ್ಲ. ಅಲ್ಲಿಗೆ ಮುಗಿಯಿತು.

ಐದನೇ ಹೆಜ್ಜೆ: ರೂಪ ಬದಲಾದರೆ ಕೋಡೂ ಬದಲು

ಸರಕನ್ನು ಅಳೆಯುವುದು ಅದು ಬಂದಿಳಿದ ಸ್ಥಿತಿಯಲ್ಲಿ. ಅದೇ ಕೊಳವೆಗಳನ್ನು ಪೂರೈಕೆದಾರರೇ ನಿಮ್ಮ ಡಯಲ್ಲಿನ ಗುಳಿಗಳಲ್ಲಿ ಕೂರಿಸಿ, ಅಂಟು ಹಾಕಿ, ದಿಕ್ಕಿನ ಅಕ್ಷರ ಮುದ್ರಿಸಿ ಕಳಿಸಿದರೆ? ಆಗ ಮೇಜಿನ ಮೇಲೆ ಇರುವುದು ದಿಕ್ಸೂಚಿಯ ಡಯಲ್ಲು. ಬೇರೆ ಯಾವುದಕ್ಕೂ ಉಪಯೋಗವಿಲ್ಲ. 9014.90 ಎನ್ನಲು ಅಳುಕಬೇಕಿಲ್ಲ. ಮುಳ್ಳು, ಡಬ್ಬಿ ಎಲ್ಲ ಸೇರಿ ಬಿಡಿಬಿಡಿಯಾಗಿ ಒಂದೇ ಕಂತಿನಲ್ಲಿ ಬಂದು, ಇಲ್ಲಿ ಬರಿಯ ಜೋಡಿಸುವುದಷ್ಟೇ ಉಳಿದಿದ್ದರೆ 2(ಎ) ನಿಯಮದ ಪ್ರಕಾರ ಅದು ಪೂರ್ತಿ ದಿಕ್ಸೂಚಿಯೇ, 9014.10. ಕೊಳವೆ ಒಂದೇ, ಬಂದ ವೇಷ ಮೂರು. ಎಇಆರ್‌ಬಿ ಅನುಮತಿ ಮಾತ್ರ ಮೂರಕ್ಕೂ ಕೇಳಬೇಕಾದ್ದೇ.

ಹುಡುಗನಿಗೆ ಡಯಲ್ಲಿನಲ್ಲಿ ಕೂರಿಸಿದ್ದನ್ನೇ ತರಿಸುವುದು ಒಳ್ಳೆಯದೆಂದು ನಾನು ಹೇಳಿದೆ. ಕೋಡಿನ ತಕರಾರು ಕಡಿಮೆ, ಶೆಡ್ಡಿನಲ್ಲಿ ಬಿಡಿ ಗಾಜು ಒಡೆಯುವ ಭಯವೂ ಇಲ್ಲ. ಆದರೆ ಕೂರಿಸುವ ಕೂಲಿ ವಿದೇಶಕ್ಕೆ ಹೋಗುತ್ತದೆ, ಅದು ಅವನಿಗೆ ಒಪ್ಪಿಗೆಯಿಲ್ಲ. “ಇಲ್ಲಿ ಇಬ್ರಿಗೆ ಕೆಲ್ಸ ಕೊಡ್ಬೇಕು ಅಂತಾನೇ ಶುರು ಮಾಡಿದ್ದು” ಅಂದ. ಅದೂ ಸರಿಯೇ. ವರ್ಗೀಕರಣ ನೋಡಿಕೊಂಡು ವ್ಯಾಪಾರ ಕಟ್ಟುವುದಲ್ಲ.

ಆರನೇ ಹೆಜ್ಜೆ: ತಪ್ಪಿದರೆ ಎಷ್ಟು, ಒಮ್ಮೆ ಲೆಕ್ಕ ಹಾಕಿ

ದರ ಬಜೆಟ್ಟಿಗೊಮ್ಮೆ ಬದಲಾಗುತ್ತದೆ, ಆದ್ದರಿಂದ ಇಲ್ಲಿ ಬರಿಯ ಲೆಕ್ಕದ ರೀತಿ ತೋರಿಸಲು ಊಹೆಯ ದರ ಇಟ್ಟುಕೊಳ್ಳುತ್ತೇನೆ. ಸರಕಿನ ಮೌಲ್ಯ 1,00,000 ರೂಪಾಯಿ. ಒಂದು ಕೋಡಿನಲ್ಲಿ ಮೂಲ ಸುಂಕ ಶೇ 10 ಅಂದುಕೊಳ್ಳಿ: 10,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್: 1,000. ಈಗ ಒಟ್ಟು 1,11,000, ಅದರ ಮೇಲೆ ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಶೇ 18 ಅಂದರೆ 19,980. ಕಟ್ಟಬೇಕಾದ್ದು 30,980. ಇನ್ನೊಂದು ಕೋಡಿನಲ್ಲಿ ಮೂಲ ಸುಂಕ ಶೇ 20 ಆದರೆ: 20,000, 2,000, ಮತ್ತೆ 1,22,000ದ ಮೇಲೆ 21,960, ಒಟ್ಟು 43,960. ವ್ಯತ್ಯಾಸ 12,980. ಇದರಲ್ಲಿ ಐಜಿಎಸ್‌ಟಿಯ ಪಾಲು ಜಿಎಸ್‌ಟಿ ನೋಂದಣಿ ಇದ್ದವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಮೂಲ ಸುಂಕ ಮತ್ತು ಸರ್ಚಾರ್ಜಿನ 11,000 ಮಾತ್ರ ಕೈಬಿಟ್ಟು ಹೋದ ದುಡ್ಡು. ದಿಕ್ಸೂಚಿಯ ಬೆಲೆ ಕಟ್ಟುವಾಗ ಹೆಚ್ಚಿನ ದರದ್ದನ್ನೇ ಹಿಡಿದು ಕಟ್ಟಿ, ಕಡಿಮೆಯಾದರೆ ಲಾಭ.

2011ರಿಂದ ಸ್ವಯಂ ಮೌಲ್ಯಮಾಪನ ಪದ್ಧತಿ, ಅಂದರೆ ಕೋಡು ಹಾಕುವ ಹೊಣೆ ಆಮದುದಾರನದೇ. ಕಡಿಮೆ ಸುಂಕ ಕಟ್ಟಿದ್ದು ಗೊತ್ತಾದರೆ ಸಾಮಾನ್ಯವಾಗಿ 2 ವರ್ಷದವರೆಗೆ, ಬೇಕೆಂದೇ ಮುಚ್ಚಿಟ್ಟರೆ 5 ವರ್ಷದವರೆಗೆ ನೋಟಿಸು ಬರಬಹುದು, ಬಡ್ಡಿ ಬೇರೆ. ಈ ಎರಡರ ನಡುವಿನ ಗೆರೆ ನಿಮ್ಮ ವಿವರಣೆಯ ಸಾಲು. ಎಲ್ಲ ಬಿಚ್ಚಿ ಹೇಳಿ ಕೋಡು ತಪ್ಪಿದರೆ ಅದು ಅಭಿಪ್ರಾಯ ಭೇದ. ‘ಬೆಳಕಿನ ಬಿಡಿಭಾಗ’ ಎಂದಷ್ಟೇ ಬರೆದು ಟ್ರಿಟಿಯಂ ಎಂಬ ಪದವನ್ನೇ ನುಂಗಿದರೆ ಅದು ಬೇರೆ ಕತೆ.

ಏಳನೇ ಹೆಜ್ಜೆ: ಮುಂಗಡ ತೀರ್ಪು ಕೇಳುವುದು

ಬಿಡಿ ಕೊಳವೆಯನ್ನೇ ತರಿಸುವುದಾದರೆ, ಎರಡು ವಾದಕ್ಕೂ ಹುರುಳಿರುವಾಗ, ನಾನು ತೀರ್ಪಿಲ್ಲದೆ ಮೊದಲ ಕಂತು ತರಿಸು ಎನ್ನುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 28ಎಚ್ ಕಲಮಿನಡಿ, ಕೋಡು ಯಾವುದೆಂದು ಮೊದಲೇ ತೀರ್ಮಾನಿಸಿ ಹೇಳುವ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪೀಠಗಳು ದೆಹಲಿ ಮತ್ತು ಮುಂಬೈಯಲ್ಲಿವೆ. ಆಮದು-ರಫ್ತು ಕೋಡ್, ಐಇಸಿ, ಇರಬೇಕು. ಅದೇ ಪ್ರಶ್ನೆ ನಿಮ್ಮದೇ ಪ್ರಕರಣದಲ್ಲಿ ಅಧಿಕಾರಿಯ ಮುಂದೆಯೋ ನ್ಯಾಯಾಲಯದ ಮುಂದೆಯೋ ಬಾಕಿಯಿದ್ದರೆ ಅರ್ಜಿ ನಡೆಯುವುದಿಲ್ಲ, ಆದ್ದರಿಂದ ಸರಕು ಸಿಕ್ಕಿಹಾಕಿಕೊಂಡ ಮೇಲೆ ಓಡಿ ಪ್ರಯೋಜನವಿಲ್ಲ.

ಅರ್ಜಿಯಲ್ಲಿ ನಕ್ಷೆ, ಅಡ್ಡಸೀಳಿನ ಚಿತ್ರ, ಬೆಳಗುವ ಬಗೆಯ ವಿವರಣೆ, ಪೂರೈಕೆದಾರರ ಕ್ಯಾಟಲಾಗು, ನಿಮ್ಮ ದಿಕ್ಸೂಚಿಯ ಚಿತ್ರ ಇರಲಿ. ನಿಮಗೆ ಬೇಡದ ಕೋಡಿನ ಪರವಾದ ವಾದವನ್ನೂ ನೀವೇ ಬರೆದು, ಅದು ಯಾಕೆ ಒಪ್ಪಿಗೆಯಿಲ್ಲ ಎಂದು ಹೇಳಿ. ಎದುರು ಕಡೆಯವರು ಅದನ್ನು ಎತ್ತುವವರೇ, ನೀವೇ ಎತ್ತಿದರೆ ಮರ್ಯಾದೆ. ಎಚ್‌ಎಸ್ ವಿವರಣಾ ಟಿಪ್ಪಣಿಗಳನ್ನು ಉಲ್ಲೇಖಿಸಿ. ವರ್ಗೀಕರಣಕ್ಕೆ ಅವು ನಂಬಬಹುದಾದ ದಾರಿದೀಪ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ತೀರ್ಪು ಅರ್ಜಿದಾರರಿಗೂ ಸಂಬಂಧಪಟ್ಟ ಕಸ್ಟಮ್ಸ್ ಅಧಿಕಾರಿಗಳಿಗೂ ಬದ್ಧ. ಬೇರೆಯವರ ತೀರ್ಪು ನಿಮಗೆ ಓದಿಕೊಳ್ಳಲು ಮಾತ್ರ.

ತೀರ್ಪು ಬರುವ ಮುನ್ನ ಸರಕು ಬೇಕೇಬೇಕು ಎಂದಾದರೆ 18ನೇ ಕಲಮಿನ ತಾತ್ಕಾಲಿಕ ಮೌಲ್ಯಮಾಪನ ಇದೆ. ಬಾಂಡು ಬರೆದುಕೊಟ್ಟು ಬಿಡಿಸಿಕೊಳ್ಳುವುದು, ಅಂತಿಮ ನಿರ್ಣಯವಾದ ಮೇಲೆ ಹೆಚ್ಚು ಕಡಿಮೆ ಸರಿಮಾಡುವುದು. ಸಣ್ಣ ಘಟಕಗಳಿಗೆ ಹಣ ಕಟ್ಟಿಹಾಕುವ ದಾರಿ ಇದು, ಅನಿವಾರ್ಯವಾದರೆ ಮಾತ್ರ.

ಎಂಟನೇ ಹೆಜ್ಜೆ: ಬಿಲ್ ಆಫ್ ಎಂಟ್ರಿ

ಶಿವಮೊಗ್ಗ ಪಕ್ಕದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆಯಿತಲ್ಲ, ಅಲ್ಲಿಗೇ ಬರುತ್ತಾ ಎಂದು ಕೇಳುವವರಿದ್ದಾರೆ. ಇಂಥ ಸರಕಿಗೆ ದೇವನಹಳ್ಳಿಯ ಏರ್ ಕಾರ್ಗೋ ನಂಬಿಕೊಳ್ಳಿ. ವಿಕಿರಣದ ಸರಕು ಸಾಗಿಸುವುದಕ್ಕೆ ಎಲ್ಲ ವಿಮಾನ ಕಂಪನಿಗಳೂ ಒಪ್ಪುವುದಿಲ್ಲ, ಬುಕಿಂಗಿಗೆ ಮುಂಚೆಯೇ ಕೇಳಿ. ಪೆಟ್ಟಿಗೆಯ ಮೇಲೆ ಯುಎನ್ 2911 ಎಂಬ ಸಂಖ್ಯೆ ಇದ್ದರೆ ಗಾಬರಿ ಬೇಡ. ಕಡಿಮೆ ವಿಕಿರಣದ ಉಪಕರಣ ಅಥವಾ ತಯಾರಾದ ವಸ್ತುಗಳ ವಿನಾಯಿತಿ ಪೆಟ್ಟಿಗೆಯ ಗುರುತು ಅದು. ಅಲ್ಲಿ ‘ವಸ್ತು’ ಎಂದಿರುವುದರಿಂದ 2844 ಅಲ್ಲ ಎಂದು ವಾದಿಸಲು ಹೋಗಬೇಡಿ. ಸಾಗಣೆಯ ನಿಯಮ ಬೇರೆ, ಸುಂಕದ ನಿಯಮ ಬೇರೆ.

ಕಸ್ಟಮ್ಸಿನ ಜಾಲತಾಣ ಐಸ್‌ಗೇಟಿನಲ್ಲಿ ಬಿಲ್ ಹಾಕುವಾಗ ವಿವರದ ಸಾಲನ್ನು ಇನ್‌ವಾಯ್ಸಿನಿಂದ ಕಾಪಿ ಮಾಡಿದರೆ ಸಾಕೆಂದು ಸಿಎಚ್‌ಎ, ಅಂದರೆ ಕ್ಲಿಯರಿಂಗ್ ಏಜೆಂಟರ ಕಚೇರಿಯ ಹುಡುಗರು ಭಾವಿಸುತ್ತಾರೆ. ಕರಡು ತರಿಸಿಕೊಂಡು ನೀವೇ ಓದಿ. ಟ್ರಿಟಿಯಂ, ಫಾಸ್ಫರ್, ಮುಚ್ಚಿದ ಗಾಜಿನ ಕೊಳವೆ, ವಿದ್ಯುತ್ತಿಲ್ಲದ್ದು, ಈ ನಾಲ್ಕೂ ಇವೆಯೇ? ಮುಂಗಡ ತೀರ್ಪಿನ ಪ್ರತಿ, ಎಇಆರ್‌ಬಿ ಅನುಮತಿ, ನಕ್ಷೆ ಅಪ್‌ಲೋಡ್ ಆಗಿವೆಯೇ? ಅಧಿಕಾರಿ ಕೋಡು ಬದಲಿಸಬೇಕೆಂದರೆ ಕಾರಣ ತೋರಿಸುವ ಹೊಣೆ ಇಲಾಖೆಯದು, ಸುಪ್ರೀಂ ಕೋರ್ಟಿನ ಮಾತೇ ಅದು. ಆದರೆ ಕೌಂಟರಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಹೇಳುವುದರಿಂದ ಸರಕು ಬೇಗ ಬಂದದ್ದನ್ನು ನಾನು ಕಂಡಿಲ್ಲ. ಎರಡು ಪುಟದ ಉತ್ತರ ಬರೆದುಕೊಡಿ. ಬದಲಾವಣೆ ಒಪ್ಪಿಗೆಯಿಲ್ಲದಿದ್ದರೆ ಹಾಗೆಂದು ಬರೆದು, ಕಾರಣಸಹಿತ ಆದೇಶ ಕೇಳಿ. ಮೇಲ್ಮನವಿಗೆ ಅದು ಬೇಕು.

ಕಾಗದಗಳನ್ನು 5 ವರ್ಷ ಇಡಿ. ನಮ್ಮೂರಿನ ತೇವಕ್ಕೆ ಫೈಲು ಬೂಷ್ಟು ಹಿಡಿಯುತ್ತದೆ, ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಎಚ್‌ಎಸ್ ಪಟ್ಟಿಯ ಮುಂದಿನ ಆವೃತ್ತಿ 2028ರ ಜನವರಿ 1ರಿಂದ ಜಾರಿಗೆ ಬರಲಿದೆ. ಆಗ ಹೆಡಿಂಗುಗಳನ್ನು ಮತ್ತೊಮ್ಮೆ ತೆರೆದು ನೋಡಬೇಕು.

ಹುಡುಗ ಈಗ ಎರಡು ಇನ್‌ವಾಯ್ಸು ತರಿಸಿದ್ದಾನೆ, ಒಂದು ಬಿಡಿ ಕೊಳವೆಗೆ, ಒಂದು ಡಯಲ್ಲಿಗೆ. ವಿವರದ ಸಾಲು ಎರಡರಲ್ಲೂ ನಾಲ್ಕು ಸಾಲಾಗಿದೆ. ಇ-ಲೋರಾದ ಅರ್ಜಿ ತುಂಬುವುದು ಅರ್ಧಕ್ಕೆ ನಿಂತಿದೆ. ಸರಕು ಇಡುವ ಜಾಗದ ನಕ್ಷೆ ಸೇರಿಸೋಣ ಎಂದಿದ್ದೆ, ಗೆಳೆಯನ ಶೆಡ್ಡಿಗೆ ನಕ್ಷೆಯೇ ಇಲ್ಲ. ನಾಳೆ ಟೇಪು ಹಿಡಿದು ಅಳೆಯುವುದಕ್ಕೆ ಹೋಗುತ್ತಾನಂತೆ, ಮಳೆ ಬಿಟ್ಟರೆ.